ಬಿದ್ದದ್ದು ಕೊನೆಗೌಡ, ನೋವು ಯಜಮಾನರ ಎದೆಯಲ್ಲಿ: ಶಿರಸಿ ಕಡೆಯ ಒಂದು ಪ್ರಕರಣ ಅಧ್ಯಯನ

ಯಜಮಾನರಿಗೆ 54 ವರ್ಷ. ಶಿರಸಿ ಪೇಟೆಯಿಂದ ಒಳಗೆ, ಘಟ್ಟದ ಅಂಚಿನ ಒಂದು ಹಳ್ಳಿ. ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಅದಕ್ಕೆ ಸೇರಿದ ಬೆಟ್ಟ, ಹಳೆಯ ದೊಡ್ಡ ಮನೆ. ಮನೆಯಲ್ಲಿ ಹೆಂಡತಿ, ಓದು ಮುಗಿಸಿ ತೋಟಕ್ಕೇ ನಿಂತ ಮಗ, ವಯಸ್ಸಾದ ಆಯಿ. ಅವರು ನನ್ನ ಹತ್ತಿರ ಬಂದದ್ದು ಎದೆನೋವಿಗೆ. ಇಸಿಜಿ ಸರಿ ಇತ್ತು, ಎಕೋ ಸರಿ ಇತ್ತು, ಹುಬ್ಬಳ್ಳಿಗೆ ಹೋಗಿ ಮಾಡಿಸಿದ ಟ್ರೆಡ್‌ಮಿಲ್ ಪರೀಕ್ಷೆಯೂ ಸರಿ ಇತ್ತು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದಾಯಿತು. ನೋವು ಮಾತ್ರ ಹೋಗಲಿಲ್ಲ. ಕೊನೆಗೆ ಅವರ ಡಾಕ್ಟರೇ, ಸಮಾಲೋಚಕಿಯ ಹತ್ತಿರ ಒಮ್ಮೆ ಮಾತಾಡಿ ಬನ್ನಿ ಅಂತ ಕಳಿಸಿದ್ದರು.

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ದಿನ ಯಜಮಾನರು ಕುರ್ಚಿಯ ತುದಿಯಲ್ಲಿ ಕೂತು, "ತಂಗೀ, ಎಂಗೆ ಎಂತದೂ ಆಜಿಲ್ಲೆ. ಡಾಕ್ಟ್ರು ಹೇಳಿದ್ರು ಅಂತ ಬಂದೆ" ಅಂದರು. ಪಕ್ಕದಲ್ಲಿದ್ದ ಹೆಂಡತಿ ಏನೂ ಹೇಳಲಿಲ್ಲ. ನೋವು ಯಾವಾಗ ಬರುತ್ತದೆ ಅಂತ ಕೇಳಿದೆ. ಅವರು ಯೋಚಿಸುವುದರೊಳಗೆ ಹೆಂಡತಿಯೇ ಉತ್ತರ ಕೊಟ್ಟರು. ಪೇಟೆಯಲ್ಲಿ ಬರುವುದಿಲ್ಲ, ನೆಂಟರ ಮನೆಯಲ್ಲಿ ಉಳಿದಾಗಲೂ ಬರುವುದಿಲ್ಲ. ಮನೆಯಲ್ಲಿ, ಅದೂ ರಾತ್ರಿ, ಗಾಳಿ ಮಳೆ ಇದ್ದಾಗ ಜಾಸ್ತಿ.

ನೋವಿಗೆ ಜಾಗವೂ ಹೊತ್ತೂ ಇದೆ ಅಂತಾದರೆ ಅದರ ಹಿಂದೆ ಏನೋ ನಡೆದಿದೆ ಅಂತಲೇ ಅರ್ಥ. ಇಲ್ಲಿ ನಡೆದದ್ದು ಹಿಂದಿನ ವರ್ಷದ ಮಳೆಗಾಲದಲ್ಲಿ.

ಆ ದಿನ

ಅಡಿಕೆ ಬೆಳೆಯುವವರಿಗೆ ಕೊಳೆ ರೋಗದ ಭಯ ಹೇಳಿಕೊಡಬೇಕಾಗಿಲ್ಲ. ಮಳೆ ಬಿಡದೆ ಹೊಡೆದರೆ ಎಳೆಗಾಯಿ ಕೊಳೆತು ಉದುರುತ್ತದೆ. ಅದಕ್ಕೇ ಮಳೆಗಾಲ ಶುರುವಾಗುವ ಹೊತ್ತಿಗೆ ಒಮ್ಮೆ, ಆಮೇಲೆ 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಬೆರೆಸಿದ ಔಷಧಿ, ಹೊಡೆಯಬೇಕು. ಎರಡನೇ ಸಲ ಹೊಡೆಯುವ ಹೊತ್ತಿಗೆ ಮಳೆ ಜೋರಿರುತ್ತದೆ, ಬಿಸಿಲು ಸಿಕ್ಕುವುದೇ ಅಪರೂಪ. ಆ ವರ್ಷ ಒಂದು ವಾರ ಕಾದ ಮೇಲೆ ಒಂದು ಬೆಳಿಗ್ಗೆ ಆಕಾಶ ಬಿಳುಪಾಯಿತು. ಯಜಮಾನರು ಕೊನೆಗೌಡನನ್ನು, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಆಳನ್ನು, ಕರೆಸಿದರು. ಇಪ್ಪತ್ತು ವರ್ಷದಿಂದ ಆ ತೋಟದ ಮರ ಹತ್ತುತ್ತಿದ್ದವರು ಅವರೇ. ಕಾಂಡ ಇನ್ನೂ ಒದ್ದೆ ಇತ್ತು, ಪಾಚಿ ಕಟ್ಟಿತ್ತು. "ಮರ ಜಾರ್ತದೆ ಒಡೆಯಾ, ಮಧ್ಯಾಹ್ನ ನೋಡುವ" ಅಂದರು. "ಮಧ್ಯಾಹ್ನ ಮತ್ತೆ ಮಳೆ ಬಂದ್ರೆ? ನಾಲ್ಕು ಸಾಲು ಮುಗಿಸಿಬಿಡು" ಅಂದರು ಯಜಮಾನರು.

ಎರಡನೇ ಸಾಲಿನಲ್ಲಿ ಬಿದ್ದರು. ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು.

ಇಷ್ಟನ್ನು ನಾನು ಮೂರ್ನಾಲ್ಕು ಸಾಲಿನಲ್ಲಿ ಬರೆದುಬಿಟ್ಟೆ. ಆದರೆ "ಮರ ಜಾರ್ತದೆ" ಅನ್ನುವ ಮಾತು ಯಜಮಾನರ ಬಾಯಿಂದ ಬರಲು ಎಷ್ಟೋ ತಿಂಗಳು ಬೇಕಾಯಿತು. ಮೊದಲು ಹೇಳಿದಾಗ ಆ ಮಾತು ಅವರ ಕತೆಯಲ್ಲಿ ಇರಲೇ ಇಲ್ಲ. ಹೇಳಿದ್ದೇ ಬೇರೆ ರೀತಿ. "ಒಂದು ಪರ್ಸೆಂಟ್ ಬೋರ್ಡೋ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಡ್ರಮ್ಮಲ್ಲಿ ತಿರುವ್ತಾ ಇದ್ದೆ. ಹತ್ತೂವರೆ ಆಗಿರಬೇಕು. ಅವನು ಬಿದ್ದ. ಟಿ-12 ಮುರೀತು. ಹೆಚ್ಚಾಗಿ ಅಲ್ಲೇ ಮುರಿಯೋದು ತಂಗೀ, ಪಕ್ಕೆಲುಬಿನ ಭಾಗ ಗಟ್ಟಿ, ಸೊಂಟದ ಭಾಗ ಬಾಗ್ತದೆ, ಅವೆರಡು ಸೇರೋ ಜಾಗ ಅದು." ಟಿ-12 ಅಂದರೆ ಬೆನ್ನುಮೂಳೆಯಲ್ಲಿ ಎದೆಭಾಗದ ಕೊನೆಯ ಮೂಳೆ. ಮಾಹಿತಿಯೆಲ್ಲ ಸರಿಯೇ. ಎತ್ತರದಿಂದ ಬಿದ್ದವರಿಗೆ ಪೆಟ್ಟಾಗುವುದು ಹೆಚ್ಚಾಗಿ ಅಲ್ಲಿಯೇ. ಬೆನ್ನುಹುರಿಯ ಬಗ್ಗೆ, ಮಲಗಿದಲ್ಲೇ ಆಗುವ ಹುಣ್ಣಿನ ಬಗ್ಗೆ, ಮೂತ್ರದ ನಳಿಕೆಯಿಂದ ತಗಲುವ ಸೋಂಕಿನ ಬಗ್ಗೆ ಅವರು ಮೊಬೈಲಿನಲ್ಲಿ ತುಂಬಾ ಓದಿದ್ದರು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಕೊನೆಗೌಡನನ್ನು ಒಮ್ಮೆಯೂ ನೋಡಿರಲಿಲ್ಲ. ಆ ಮನೆ ನಡೆದರೆ ಕಾಲು ಗಂಟೆಯ ದಾರಿ.

ಗಂಡನ ಮಾತಿನುದ್ದಕ್ಕೂ ಹೆಂಡತಿ ಸೀರೆಯ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಲೇ ಇದ್ದರು. ಕಣ್ಣೀರು ಹಾಕಿದ್ದೂ ಅವರೇ.

ಮನಸ್ಸು ಏನೇನು ಮಾಡಿತು

ಸಹಿಸಲಾಗದ ಭಾವನೆಯಿಂದ ತಪ್ಪಿಸಿಕೊಳ್ಳಲು ಮನಸ್ಸು ತನಗೇ ಗೊತ್ತಾಗದ ಹಾಗೆ ಕೆಲವು ದಾರಿ ಹಿಡಿಯುತ್ತದೆ. ಸಿಗ್ಮಂಡ್ ಫ್ರಾಯ್ಡ್ 1894ರಲ್ಲೇ ಇದರ ಬಗ್ಗೆ ಬರೆದಿದ್ದ. ಅವನ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಒಂದು ಪುಸ್ತಕವನ್ನೇ ಬರೆದು ಒಂದೊಂದು ದಾರಿಯನ್ನೂ ಬಿಡಿಸಿ ತೋರಿಸಿದಳು. ರಕ್ಷಣಾ ತಂತ್ರ ಅಂತ ನಾವು ಕರೆಯುವುದು ಇವನ್ನೇ. ಯಾರೂ ಕೂತು ಲೆಕ್ಕ ಹಾಕಿ ಹೂಡುವ ತಂತ್ರ ಇದಲ್ಲ. ಯಜಮಾನರು ಸುಳ್ಳು ಹೇಳುತ್ತಿರಲಿಲ್ಲ. ತಾವು ಹೇಳಿದ್ದನ್ನು ಅವರು ಪೂರ್ತಿ ನಂಬಿದ್ದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮನೆಯವರು ಮೊದಲು ಸಿಟ್ಟಾಗುವುದು ಇಲ್ಲೇ. "ಎಲ್ಲಾ ಗೊತ್ತಿದ್ದೂ ನಾಟಕ ಮಾಡ್ತಾರೆ" ಅಂತ ಮಗ ನನ್ನೆದುರು ಅಂದಿದ್ದ. ಅದು ನಾಟಕ ಆಗಿದ್ದರೆ ರಾತ್ರಿ ಎದೆ ಹಿಡಿದುಕೊಂಡು ಏಳಬೇಕಾಗಿರಲಿಲ್ಲ.

ಮೊದಲು ಬಂದದ್ದು ನಿರಾಕರಣೆ. ಇನ್ನು ನಡೆಯುವುದು ಕಷ್ಟ ಅಂತ ಆಸ್ಪತ್ರೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಇವರು ಊರಲ್ಲಿ ಎಲ್ಲರಿಗೂ "ಇನ್ನಾರು ತಿಂಗಳಲ್ಲಿ ಮರ ಹತ್ತುತ್ತಾನೆ, ಗಟ್ಟಿ ಆಳು" ಅನ್ನುತ್ತಿದ್ದರು. ಮುಂದಿನ ಕೊಯ್ಲಿಗೆ ಬೇರೆ ಕೊನೆಗೌಡನನ್ನು ಗೊತ್ತುಮಾಡಲು ಕೂಡ ಒಪ್ಪಲಿಲ್ಲ. ಮಗನೇ ಓಡಾಡಿ ಜನ ಹುಡುಕಿದ. ಶುರುವಿನ ಕೆಲವು ವಾರಗಳ ಮಟ್ಟಿಗೆ ಈ ನಿರಾಕರಣೆ ಅವರನ್ನು ಕಾಪಾಡಿತು ಅಂತಲೇ ನನ್ನ ಅಭಿಪ್ರಾಯ. ಆಸ್ಪತ್ರೆಗೆ ದುಡ್ಡು ಹೊಂದಿಸಿದ್ದು, ಗಾಡಿ ಮಾಡಿ ಹುಬ್ಬಳ್ಳಿಗೆ ಸಾಗಿಸಿದ್ದು, ಎಲ್ಲವನ್ನೂ ಅವರು ಆ ಬಲದಿಂದಲೇ ಮಾಡಿದರು. ಏನಾಗಿದೆ ಅನ್ನುವುದು ಆ ದಿನವೇ ಪೂರ್ತಿ ಮನಸ್ಸಿಗೆ ಇಳಿದಿದ್ದರೆ ಕೈಕಾಲು ಆಡುತ್ತಿರಲಿಲ್ಲ. ಆದರೆ ವಾರಗಳು ಕಳೆದು ತಿಂಗಳಾದರೂ ಅದು ಹಾಗೇ ಉಳಿಯಿತು.

ಆಮೇಲೆ ಕಾರಣ ಹುಡುಕಾಟ. ಮರ ಹತ್ತುವಾಗ ಕಾಲಿಗೆ ಹಾಕುವ ತಳೆ ಹಳೆಯದಾಗಿತ್ತು, ಅವನಿಗೂ ವಯಸ್ಸಾಯಿತು, ಮೊದಲಿನ ಹಿಡಿತ ಇರಲಿಲ್ಲ. ಕೊನೆಗೆ, "ಬೆಳಿಗ್ಗೆಯೇ ಹಾಕ್ಕೊಂಡು ಬಂದಿದ್ದ" ಅನ್ನುವಲ್ಲಿಗೆ ಬಂತು. ಹೆಂಡತಿಯನ್ನು ಒಬ್ಬರೇ ಇದ್ದಾಗ ಕೇಳಿದೆ. "ಕುಡಿದಿರಲಿಲ್ಲ. ಬೆಳಿಗ್ಗೆ ನಾನೇ ಚಾ ಕೊಟ್ಟಿದ್ದೆ, ದೋಸೆ ತಿಂದಿದ್ದ" ಅಂದರು. ಈ ಮಾತು ಊರಲ್ಲಿ ಹಬ್ಬಿ ಕೊನೆಗೌಡನ ಮನೆಯನ್ನೂ ಮುಟ್ಟಿತ್ತು. ಕಾಲು ಕಳಕೊಂಡವರು ಹೆಸರನ್ನೂ ಕಳಕೊಳ್ಳಬೇಕಾಯಿತು.

ಇದರಲ್ಲಿ ಊರಿನ ಪಾಲೂ ಇದೆ. ತೋಟದವರೆಲ್ಲ ಸೇರಿದ ಕಡೆ "ಮರ ಹತ್ತುವವರಿಗೆ ಇದು ಇದ್ದದ್ದೇ" ಅಂದರು. "ಹಣೆಬರಹ, ನೀನು ಎಂತ ಮಾಡುಲಾಗ್ತು" ಅಂದರು. ಪ್ರೀತಿಯಿಂದಲೇ ಅಂದದ್ದು. ಮನಸ್ಸು ತನ್ನ ಸಮರ್ಥನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಅಂತ ಪುಸ್ತಕಗಳಲ್ಲಿ ಓದುತ್ತೇವೆ. ನಾನು ನೋಡಿದ ಮಟ್ಟಿಗೆ ಅರ್ಧ ಸಮರ್ಥನೆ ಊರಲ್ಲಿ ತಯಾರಾಗಿಯೇ ಸಿಗುತ್ತದೆ. ತೋಟ ಇದ್ದವರಿಗೆ ಸಿಗುವಷ್ಟು ಸುಲಭವಾಗಿ ಮರ ಹತ್ತುವವರಿಗೆ ಸಿಗುವುದಿಲ್ಲ, ಅಷ್ಟೇ.

ಸಿಟ್ಟು ಬೇರೆ ಕಡೆ ತಿರುಗಿತು. ತಂಬುಳಿಗೆ ಉಪ್ಪು ಕಮ್ಮಿ ಅಂತ ಬಟ್ಟಲು ದೂಡಿದರು. ಮಗ ಕೊಟ್ಟಿಗೆಯ ಲೈಟ್ ಆರಿಸಲಿಲ್ಲ ಅಂತ ರಾತ್ರಿಯಿಡೀ ಬೈದರು. ಮಗ ಅಪ್ಪನ ಜೊತೆ ಮಾತು ಬಿಟ್ಟ. ತಮ್ಮ ಮೇಲೆ ಬರಬೇಕಾದ ಸಿಟ್ಟು ಕೈಗೆ ಸಿಕ್ಕವರ ಮೇಲೆ ಬೀಳುವುದು ನಮ್ಮ ಎಲ್ಲ ಮನೆಗಳಲ್ಲೂ ಇರುವುದೇ, ಅಲ್ವಾ? ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ನಾನು ನಿಂತು ನೋಡಿದ್ದು ಇನ್ನೊಂದು ಸಂಗತಿಯನ್ನು. ಪ್ರತಿ ತಿಂಗಳ ಮೊದಲ ವಾರ ಯಜಮಾನರು ಅಕ್ಕಿ, ತೆಂಗಿನಕಾಯಿ, ಒಂದಿಷ್ಟು ದುಡ್ಡು ಕೊನೆಗೌಡನ ಮನೆಗೆ ಕಳಿಸುತ್ತಿದ್ದರು. ಯಾರಾದರೂ ಒಳ್ಳೆಯ ಕೆಲಸ ಅನ್ನುವುದೇ. ಆದರೆ ಕಳಿಸುವ ಹಿಂದಿನ ದಿನ ಮನೆಯಲ್ಲಿ ಗದ್ದಲ. ಅಕ್ಕಿಯನ್ನು ಎರಡೆರಡು ಸಲ ಅಳೆಸುತ್ತಿದ್ದರು. ಕಾಯಿ ಸುಲಿದದ್ದು ಸರಿಯಾಗಿಲ್ಲ ಅಂತ ಮತ್ತೆ ಸುಲಿಸುತ್ತಿದ್ದರು. ಕೊಟ್ಟು ಬಂದ ದಿನ ಮಾತ್ರ ರಾತ್ರಿ ನಿದ್ದೆ ಬರುತ್ತಿತ್ತು. ಆದ ಕೆಲಸವನ್ನು ಇನ್ನೊಂದು ಕೆಲಸದಿಂದ ಅಳಿಸಿಹಾಕುವ ಪ್ರಯತ್ನ ಇದು. ಅಳಿಸಿ ಹೋಗುವುದಿಲ್ಲ, ಹಾಗಾಗಿ ಪ್ರತಿ ತಿಂಗಳೂ ಮತ್ತೆ ಶುರು.

ಅದನ್ನೆಲ್ಲ ಹೊತ್ತುಕೊಂಡು ಹೋಗುತ್ತಿದ್ದದ್ದು ಯಾರು? ಹೆಂಡತಿ. ಗಂಡ ನೋಡದ ಆ ಮಂಚವನ್ನು, ಬೆನ್ನಿನ ಹುಣ್ಣನ್ನು, ಕೊನೆಗೌಡನ ಹೆಂಡತಿಯ ಮುಖವನ್ನು ತಿಂಗಳು ತಿಂಗಳೂ ನೋಡಿ ಬರುತ್ತಿದ್ದವರು ಇವರು. "ಕುಡಿದಿದ್ದ ಅಂತ ನಿಮ್ಮನೆಯವರು ಹೇಳ್ತಿದ್ರಂತೆ ಅಮ್ಮಾ, ಹೌದಾ?" ಅಂತ ಆಕೆ ಕೇಳಿದಾಗ ಎದುರಿಗೆ ನಿಂತಿದ್ದವರೂ ಇವರೇ. ಮನೆಗೆ ಬಂದು ಗಂಡನಿಗೆ ಅದನ್ನು ಹೇಳುವ ಹಾಗಿಲ್ಲ, ಹೇಳಿದರೆ ಎದೆನೋವು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ರಕ್ಷಣಾ ತಂತ್ರಗಳ ಬಗ್ಗೆ ಮಾತಾಡುವಾಗ ನಾವು ಒಬ್ಬರ ತಲೆಯೊಳಗೆ ಏನಾಗುತ್ತಿದೆ ಅಂತ ಮಾತ್ರ ನೋಡುತ್ತೇವೆ. ಯಾವ ಭಾವನೆಯನ್ನು ಒಬ್ಬರು ಹೊರಲು ಒಲ್ಲೆ ಅಂದರೋ ಅದನ್ನು ಮನೆಯಲ್ಲಿ ಇನ್ನೊಬ್ಬರು ಹೊರುತ್ತಿರುತ್ತಾರೆ. ಆದ್ದರಿಂದ, ಯಾವ ತಂತ್ರ ಅಂತ ಹೆಸರಿಡುವುದಕ್ಕಿಂತ ಮೊದಲು, ಇದರ ಭಾರ ಯಾರ ಮೇಲೆ ಬಿದ್ದಿದೆ ಅಂತ ನೋಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಹೇಗೆ ನಡೆಯಿತು

ಸಾಯುವ ಯೋಚನೆ ಬರುತ್ತಾ ಅಂತ ಮೊದಲೇ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಭಯ ಬೇಡ, ಹಾಗೇನೂ ಆಗುವುದಿಲ್ಲ. ಇಲ್ಲ ಅಂದರು. ನಿದ್ದೆ, ಊಟ ಎರಡೂ ಕೆಟ್ಟಿದ್ದರಿಂದ ಮನೋವೈದ್ಯರ ಹತ್ತಿರವೂ ಕಳಿಸಿದೆ. ಸ್ವಲ್ಪ ಮಟ್ಟಿನ ಖಿನ್ನತೆ ಇದೆ ಅಂತ ಅವರು ಕೆಲವು ತಿಂಗಳಿಗೆ ಮಾತ್ರೆ ಬರೆದುಕೊಟ್ಟರು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಇರಲಿ ಅಂತ ಟೆಲಿ ಮಾನಸ್ ನಂಬರ್ 14416 ಅನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಲು ಮಗನಿಗೆ ಹೇಳಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಾತುಕತೆ. "ತಪ್ಪಿತಸ್ಥ ಭಾವನೆ ನಿಮ್ಮನ್ನು ಕಾಡ್ತಾ ಇದೆ" ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದರೆ ಅವರು ಎದ್ದು ಹೋಗುತ್ತಿದ್ದರು. ಹೋಗುವುದು ನ್ಯಾಯವೂ ಆಗಿತ್ತು. ಈ ಸಿದ್ಧಾಂತದಲ್ಲೇ ಒಂದು ಅಪಾಯ ಇದೆ. ಎದುರಿನವರು ಒಪ್ಪಿದರೆ ನಾನು ಹೇಳಿದ್ದು ಸರಿ, ಒಪ್ಪದಿದ್ದರೆ ಅದೂ ಒಂದು ರಕ್ಷಣಾ ತಂತ್ರ ಅಂತ ಹೇಳಿಬಿಡಬಹುದು. ಹಾಗೆ ಆಡಿದರೆ ಯಾರನ್ನು ಬೇಕಾದರೂ ಕಟ್ಟಿಹಾಕಬಹುದು. ಅವರ ಮೌನದಲ್ಲಿ ಸ್ವಲ್ಪ ಭಾಗ ಬರೀ ವ್ಯವಹಾರದ ಹೆದರಿಕೆ ಆಗಿತ್ತು. ತಪ್ಪು ಒಪ್ಪಿಕೊಂಡರೆ ಕೇಸಾದರೆ ಏನು ಗತಿ ಅಂತ. ಅದನ್ನು ಮನಸ್ಸಿನ ತಂತ್ರ ಅಂತ ಕರೆಯುವುದು ಸರಿಯಲ್ಲ. ವಕೀಲರ ಹತ್ತಿರ ಒಮ್ಮೆ ಕೇಳಿ ಬನ್ನಿ ಅಂದೆ. ಹೋಗಿ ಬಂದರು. ಆ ಮೇಲೆ ಮಾತು ಸ್ವಲ್ಪ ಸಡಿಲವಾಯಿತು.

ಕೇಳಿದ್ದೆಲ್ಲ ಸಣ್ಣ ಸಣ್ಣ ಪ್ರಶ್ನೆಗಳು. ಆ ದಿನ ಬೆಳಿಗ್ಗೆ ಏನು ತಿಂದಿರಿ? ಡ್ರಮ್ ಯಾವ ಸಾಲಿನಲ್ಲಿತ್ತು? ಕೋಲು ಯಾವ ಕೈಯಲ್ಲಿತ್ತು? ಅವರು ಅಂಕಿಸಂಖ್ಯೆಗೆ ಜಾರಿದಾಗಲೆಲ್ಲ ನಾನು ತೋಟಕ್ಕೆ ವಾಪಸ್ ಕರೆಯುತ್ತಿದ್ದೆ. ಒಂದು ಮಧ್ಯಾಹ್ನ ಕೇಳಿದೆ, "ಬಿದ್ದ ಶಬ್ದ ಕೇಳಿತಾ?"

ತುಂಬಾ ಹೊತ್ತು ಸುಮ್ನೆ ಕೂತರು. ಬಲಗೈ ಹೆಬ್ಬೆರಳಿನಿಂದ ಎಡಗೈ ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಮತ್ತೆ ಹೇಳಿದರು, "ಹಾಳೆ ಬಿದ್ದ ಹಾಂಗೆ."

ಅಡಿಕೆ ತೋಟದಲ್ಲಿ ಹಾಳೆ, ಅಂದರೆ ಒಣಗಿದ ಸೋಗೆಯ ಅಗಲ ಬುಡ, ಬೀಳುತ್ತಲೇ ಇರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಅವರೂ ನೋಡಿರಲಿಲ್ಲ. ಹಾಳೆ ಅಂದುಕೊಂಡು ಔಷಧಿ ತಿರುವುತ್ತಲೇ ಇದ್ದರು. ಎಷ್ಟು ಹೊತ್ತು ಅಂತ ಅವರಿಗೆ ಈಗಲೂ ಗೊತ್ತಿಲ್ಲ. ನರಳುವ ಸದ್ದು ಕೇಳಿದ ಮೇಲೇ ಓಡಿದ್ದು.

ಹತ್ತು ಅಂತ ಒತ್ತಾಯ ಮಾಡಿದ ತಪ್ಪನ್ನು ಮುಚ್ಚಿಡುತ್ತಿದ್ದಾರೆ ಅಂತಲೇ ಮನೆಯವರು ಅಂದುಕೊಂಡಿದ್ದರು. ಅದಕ್ಕೂ ಕೆಳಗೆ ಇದು ಕೂತಿತ್ತು. ಗಾಳಿ ಮಳೆಯ ರಾತ್ರಿ ತೋಟದಲ್ಲಿ ಹಾಳೆ ಬಿದ್ದಾಗಲೆಲ್ಲ ಎದೆ ಹಿಡಿಯುತ್ತಿದ್ದದ್ದು ಇದಕ್ಕೇ. ಆ ಸದ್ದಿಗೂ ನೋವಿಗೂ ಇರುವ ನಂಟು ಹೆಂಡತಿಗೆ ಗೊತ್ತಿರಲಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ. ಆ ದಿನವೇ "ಮರ ಜಾರ್ತದೆ ಅಂದಿದ್ದ" ಅನ್ನುವುದನ್ನೂ ಹೇಳಿದರು. ಅತ್ತರು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ತಕ್ಷಣ ಎಲ್ಲ ಸರಿಹೋಗಲಿಲ್ಲ. ಮುಂದಿನ ಕೆಲವು ವಾರ ನೋವು ಜಾಸ್ತಿಯೇ ಆಯಿತು. ಆಗ ಕೊಯ್ಲು ಶುರುವಾಗಿತ್ತು. ಒಲೆ, ಬೇಯಿಸುವುದು, ಒಣಗಿಸುವುದು, ಹಗಲೂ ರಾತ್ರಿ ಕೆಲಸ. ಈ ವಿಷಯವನ್ನು ಕೊಯ್ಲು ಮುಗಿಯುವ ತನಕ ಬದಿಗಿಡೋಣ, ವಾರಕ್ಕೆ ಒಂದು ಸಂಜೆ ಮಾತ್ರ ಹೆಂಡತಿಯ ಜೊತೆ ಮಾತಾಡಿ ಅಂತ ಒಪ್ಪಂದ ಮಾಡಿಕೊಂಡೆವು. ಇದೂ ಒಂದು ತಂತ್ರವೇ. ಆದರೆ ತಿಳಿದು, ಬೇಕಂತಲೇ ಮುಂದೂಡುವುದು. ಅಮೆರಿಕದ ಮನೋವೈದ್ಯ ಜಾರ್ಜ್ ವೈಲಂಟ್ 1977ರ ತನ್ನ ಪುಸ್ತಕದಲ್ಲಿ ಈ ತಂತ್ರಗಳನ್ನು ನಾಲ್ಕು ಹಂತ ಮಾಡಿದ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾಗಿ, ಅದೇ ಗಂಡಸರನ್ನು ದಶಕಗಟ್ಟಲೆ ನೋಡುತ್ತ ಬಂದ ಅಧ್ಯಯನದ ಮೇಲೆ ಬರೆದದ್ದು ಅದು. ಹೀಗೆ ತಿಳಿದು ಮುಂದೂಡುವುದನ್ನು ಅವನು ಮಾಗಿದ ತಂತ್ರಗಳ ಸಾಲಿನಲ್ಲಿ ಇಟ್ಟಿದ್ದಾನೆ. ತೋಟದ ಮನೆಯಲ್ಲಿ ಕೆಲಸದ ಹಂಗಾಮು ಬಿಟ್ಟು ದುಃಖಪಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕು.

ಕೊಯ್ಲು ಮುಗಿದ ಮೇಲೆ ಊರ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಜಮಾನರು ಒಳ್ಳೆಯ ಅರ್ಥಧಾರಿ, ಪಾತ್ರವಾಗಿ ಮಾತಾಡುವವರು. ಬಿದ್ದ ಘಟನೆ ಆದಮೇಲೆ ಎಲ್ಲೂ ಕೂತಿರಲಿಲ್ಲ. ಈ ಸಲ ಒಪ್ಪಿಕೊಂಡರು. ಸಿಕ್ಕಿದ್ದು ದಶರಥನ ಪಾತ್ರ. ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದು ಅಂದುಕೊಂಡು ಬಾಣ ಬಿಟ್ಟು, ಮುನಿಕುಮಾರನನ್ನು ಕೊಂದದ್ದನ್ನು ದಶರಥ ನೆನೆಯುವ ಜಾಗ ಬಂತು. ಯಾವಾಗಲೂ ಐದು ನಿಮಿಷದಲ್ಲಿ ಮುಗಿಸುವ ಅರ್ಥವನ್ನು ಅಂದು ಬಹಳ ಹೊತ್ತು ಹೇಳಿದರಂತೆ. "ಕಿವಿಗೆ ಕೇಳಿದ್ದನ್ನು ಕಣ್ಣಿನಿಂದ ನೋಡಲಿಲ್ಲ ನಾನು" ಅನ್ನುವ ಮಾತನ್ನು ಎರಡು ಸಲ ಹೇಳಿದರಂತೆ. ಹೆಂಡತಿ ಹೇಳಿದ ಸಂಗತಿ ಇದು. ಎದುರಿಗೆ ಕೂತವರಿಗೆ ಅರ್ಥಗಾರಿಕೆ ಚೆನ್ನಾಗಿತ್ತು, ಅಷ್ಟೇ. ಇಡೀ ಊರಿನೆದುರು ಅವರು ಅದನ್ನು ಹೇಳಿಯೂ ಆಗಿತ್ತು. ನೋವನ್ನು ಇನ್ನೊಂದು ರೂಪಕ್ಕೆ ತಂದು ಹೊರಹಾಕುವ ಈ ದಾರಿಯನ್ನು ನಾನು ಸೂಚಿಸಿದ್ದಲ್ಲ. ಅವರೇ ಕಂಡುಕೊಂಡರು. ನಮ್ಮ ಕಡೆ ಇಂಥದ್ದಕ್ಕೆ ಜಾಗ ಇನ್ನೂ ಇದೆ ಅನ್ನುವುದು ನನಗೆ ದೊಡ್ಡ ಸಂತೋಷ.

ಭೇಟಿ

ಅದಾದ ಮೇಲೆ ಒಂದು ದಿನ ಅವರಾಗಿಯೇ ಹೊರಟರು. ಹೆಂಡತಿ ಜೊತೆಗಿದ್ದರು. ಕೊನೆಗೌಡ ಜಗುಲಿಯ ಮಂಚದ ಮೇಲಿದ್ದರು. ಯಜಮಾನರು ನಿಂತೇ ಹೇಳಿದರು: "ನೀನು ಬೇಡ ಅಂದಿದ್ದೆ. ನಾನು ಹತ್ತು ಅಂದೆ. ಕುಡಿದಿದ್ದ ಅಂತ ಊರಲ್ಲಿ ಹೇಳಿದ್ದೂ ನಾನೇ. ನೀನು ಕುಡಿದಿರಲಿಲ್ಲ."

ಕೊನೆಗೌಡ ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು ಇಷ್ಟೇ: "ಆ ಸಾಲು ಔಷಧಿ ಆಯ್ತಾ ಆಮೇಲೆ?" ಆಗಿರಲಿಲ್ಲ. ಆ ವರ್ಷ ಅರ್ಧ ತೋಟಕ್ಕೆ ಕೊಳೆ ಬಂದಿತ್ತು. ಯಜಮಾನರು ಅದನ್ನೂ ಹೇಳಿದರು.

ಕೊನೆಗೌಡನ ಹೆಂಡತಿ ಎದ್ದು ಒಳಗೆ ಹೋದವರು ತುಂಬಾ ಹೊತ್ತು ಬರಲಿಲ್ಲ. ಬಂದು, ಅಕ್ಕಿ ಇನ್ನು ಬೇಡ ಅಂದರು. ಹಿಂಬಾಗಿಲಿನ ಮೆಟ್ಟಿಲು ತೆಗೆಸಿ ಇಳಿಜಾರು ಮಾಡಿಸಿಕೊಡಿ, ಗಾಲಿಕುರ್ಚಿ ಬಚ್ಚಲಿನವರೆಗೆ ಹೋಗಬೇಕು. ಮಗಳ ನರ್ಸಿಂಗ್ ಫೀಸು ಕಟ್ಟಿ. ಅದನ್ನು ಸಹಾಯ ಅಂತ ಯಾರ ಹತ್ತಿರವೂ ಹೇಳಬೇಡಿ. ಕ್ಷಮಿಸಿದೆ ಅಂತ ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಯಜಮಾನರು ಅದನ್ನು ನಿರೀಕ್ಷೆ ಮಾಡಿದ್ದರು. ಸಿಗಲಿಲ್ಲ ಅಂತ ನನ್ನ ಹತ್ತಿರ ಬಂದು ಬೇಜಾರು ಮಾಡಿಕೊಂಡರು. ಸಿಗಲೇಬೇಕು ಅಂತ ಇಲ್ಲ ಅಂದೆ. ಮನಸ್ಸಿಲ್ಲದೆ ಒಪ್ಪಿದರು.

ಇಳಿಜಾರು ಆಗಿದೆ. ಫೀಸು ನೇರವಾಗಿ ಬ್ಯಾಂಕಿನಿಂದ ಹೋಗುತ್ತದೆ, ಯಾರೂ ಹೊತ್ತುಕೊಂಡು ಹೋಗಬೇಕಾಗಿಲ್ಲ. ಈ ಮಳೆಗಾಲ ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು, ಇಟ್ಟುಕೊಂಡವರನ್ನು ಕರೆಸಿದ್ದರು. ನೆಲದ ಮೇಲೇ ನಿಂತು ಹೊಡೆಯುವ ಪದ್ಧತಿ, ಯಾರೂ ಮರ ಹತ್ತುವುದು ಬೇಡ. ಅಕ್ಕಪಕ್ಕದ ತೋಟದವರಿಗೂ ಅದನ್ನೇ ಹೇಳುತ್ತ ತಿರುಗುತ್ತಿದ್ದಾರೆ, ಸ್ವಲ್ಪ ಜಾಸ್ತಿಯೇ. ಎದೆನೋವು ಪೂರ್ತಿ ಹೋಗಿಲ್ಲ. ಜೋರು ಗಾಳಿಯ ರಾತ್ರಿ ಬರುತ್ತದೆ. ಬಂದಾಗ ಹಾಳೆ ಬಿದ್ದದ್ದು ಅಂತ ತಾವೇ ಹೇಳಿಕೊಂಡು, ಎದ್ದು ಟಾರ್ಚ್ ಹಿಡಿದು ನೋಡಿ ಬಂದು ಮಲಗುತ್ತಾರೆ. ಮಗ ಮಾತಾಡುತ್ತಿದ್ದಾನೆ, ತೋಟದ ಕೆಲಸದ ಬಗ್ಗೆ ಮಾತ್ರ.

ಯಜಮಾನರು ಈಗ ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದ್ದಾರೆ. ಬರುತ್ತಿರುವುದು ಅವರ ಹೆಂಡತಿ. ಮೊದಲ ಸಲ ಒಬ್ಬರೇ ಬಂದಾಗ "ಇವರದು ಮುಗೀತು, ಈಗ ನಂಗೆ ನಿದ್ದೆ ಬರ್ತಿಲ್ಲ" ಅಂದರು. ಅವರ ಬಿಪಿ ಏರಿದೆ. ಆ ಮಂಚ, ಆ ಹುಣ್ಣು, ಆ ಪ್ರಶ್ನೆ, ಒಂದೊಂದಾಗಿ ಹೇಳುತ್ತಿದ್ದಾರೆ. ಆ ಕೆಲಸ ಇನ್ನೂ ನಡೆಯುತ್ತಿದೆ.